ಹಲಗೆ ಎತ್ತಬೇಡಿ, ಗೋಲಿ ಉರುಳಿಸಿ

ಮಾನ್ಯ ಸಂಪಾದಕರೇ,

ಪ್ರೌಢಶಾಲೆ ಮಕ್ಕಳಿಗೆ ವಿಜ್ಞಾನ ಕಬ್ಬಿಣದ ಕಡಲೆ ಎಂದು ನಿಮ್ಮ ಓದುಗರು ಆಗಾಗ ಬರೆಯುತ್ತಲೇ ಇರುತ್ತಾರೆ. ತಪ್ಪೆಲ್ಲ ಮೇಷ್ಟ್ರದ್ದು ಎಂದು ಒಬ್ಬರು, ಮೊಬೈಲಿನದ್ದು ಎಂದು ಇನ್ನೊಬ್ಬರು. ಅಷ್ಟು ದೊಡ್ಡ ಮಾತು ನನಗೆ ಬೇಡ. ಒಂದೇ ಒಂದು ಪಾಠದ ಬಗ್ಗೆ ಬರೆಯುತ್ತೇನೆ. ಒಂಬತ್ತನೇ ತರಗತಿಯ ‘ಪರಮಾಣುವಿನ ರಚನೆ’. ಕೋಲಾರ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಿಬಿಝಡ್ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು ನಾನು. ಈಗಲೂ ಹತ್ತಿರದ ಶಾಲೆಯವರು ಕರೆದರೆ ಹೋಗಿ ಇದೊಂದು ಪಾಠ ಮಾಡಿ ಬರುತ್ತೇನೆ. ಅಷ್ಟು ಇಷ್ಟ ಇದು.

ನಮ್ಮ ಶಾಲೆಗಳಲ್ಲಿ ಪಿಸಿಎಂ ಶಿಕ್ಷಕರು ಗಣಿತ, ಭೌತವಿಜ್ಞಾನ ನೋಡಿಕೊಳ್ಳುತ್ತಾರೆ. ಸಿಬಿಝಡ್‌ನವರಿಗೆ ರಸಾಯನ, ಜೀವವಿಜ್ಞಾನ. ಪರಮಾಣುವಿನ ಪಾಠ ಯಾರದ್ದು? ಇಬ್ಬರೂ ‘ಅದು ನಿಮ್ಮದು’ ಎನ್ನುತ್ತಾರೆ. ಕೊನೆಗೆ ಯಾರ ಪಾಲಿಗೆ ಬಂದರೂ ಅವರು ಅದನ್ನು ಬೇಗ ಮುಗಿಸಲು ನೋಡುತ್ತಾರೆ. ಪಾಠದಲ್ಲಿ ಪರಮಾಣುವಿನ ಚಿತ್ರ ಕೊಟ್ಟ ವಿಜ್ಞಾನಿಗಳು ಮೂವರು. ಒಂದು ಪೀರಿಯಡ್‌ಗೆ ಥಾಮ್ಸನ್, ಒಂದಕ್ಕೆ ರುದರ್‌ಫೋರ್ಡ್, ಒಂದಕ್ಕೆ ಬೋರ್. ಮೊದಲನೆಯವರದು ತಪ್ಪು, ಎರಡನೆಯವರದು ಅರ್ಧ ತಪ್ಪು, ಮೂರನೆಯವರದು ಸರಿ. ಆಮೇಲೆ ಕೈವಾರದಲ್ಲಿ ವೃತ್ತ ಎಳೆದು, ಸೋಡಿಯಂ 2, 8, 1 ಎಂದು ಎಲೆಕ್ಟ್ರಾನುಗಳ ಚುಕ್ಕೆ ಇಡುವುದು. ಮಕ್ಕಳು ಆ ಚಿತ್ರವನ್ನು ಬಹಳ ಚೆನ್ನಾಗಿ ಬರೆಯುತ್ತಾರೆ. ಎರಡು ಬಣ್ಣದ ಪೆನ್ನು ಬೇರೆ.

ಈ ಚಿತ್ರ ಬರೆದ ಮಕ್ಕಳನ್ನು ನಾನು ಯಾವಾಗಲೂ ಒಂದು ಮಾತು ಕೇಳುತ್ತೇನೆ. ‘ಪರಮಾಣು ಹೀಗಿದೆ ಅಂತ ಹೇಗೆ ಗೊತ್ತಾಯ್ತು?’ ಯಾವ ಊರಿನ ಶಾಲೆಯಾದರೂ ಉತ್ತರ ಒಂದೇ. ‘ಮೈಕ್ರೋಸ್ಕೋಪಲ್ಲಿ ನೋಡಿದ್ರು ಮಿಸ್.’ ನೋಡಲಿಲ್ಲ. ನೋಡಲು ಆಗುವುದೂ ಇಲ್ಲ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆ ಪರಮಾಣುವಿಗಿಂತ ಸಾವಿರಾರು ಪಟ್ಟು ಉದ್ದ. ಶಾಲೆಯ ಸೂಕ್ಷ್ಮದರ್ಶಕ ಇರಲಿ, ಎಷ್ಟೇ ದುಬಾರಿ ಸೂಕ್ಷ್ಮದರ್ಶಕವಾದರೂ ಆ ಬೆಳಕಿನಲ್ಲಿ ಪರಮಾಣುವಿನ ಒಳಗನ್ನು ತೋರಿಸಲಾರದು. ಇಡೀ ಪಾಠ ಓದಿ, ಚಿತ್ರ ಬರೆದು, ಅಂಕವನ್ನೂ ಪಡೆದ ಮಗುವಿಗೆ ಅದನ್ನು ಯಾರೂ ಕಣ್ಣಾರೆ ಕಂಡಿಲ್ಲ ಎಂಬುದೇ ಗೊತ್ತಿಲ್ಲ ಅಂದರೆ ನಾವು ಕಲಿಸಿದ್ದಾದರೂ ಏನು?

ಹಾಗಾಗಿ ನನ್ನ ಅಹವಾಲು ಇಷ್ಟೇ. ಈ ಪಾಠಕ್ಕೆ ಸಿಗುವ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ರುದರ್‌ಫೋರ್ಡ್ ಪ್ರಯೋಗಕ್ಕೆ ಕೊಡಿ. ಪರೀಕ್ಷೆಯಲ್ಲೂ ಅದರಿಂದಲೇ ಕೇಳಿ. ಚಿತ್ರ ಆಮೇಲೆ.

ಪ್ರಯೋಗ ಅಂದ ಕೂಡಲೇ ಉಪಕರಣ ಎಲ್ಲಿದೆ ಎನ್ನುತ್ತಾರೆ. ನಾನು ಮಾಡುತ್ತಿದ್ದದ್ದು ಗೋಲಿಯಲ್ಲಿ. ಒಂದು ಪ್ಲೈವುಡ್ ಹಲಗೆ ತೆಗೆದುಕೊಳ್ಳುವುದು. ನಾಲ್ಕು ಮೂಲೆಗೆ ಇಟ್ಟಿಗೆ ಚೂರು ಕೊಟ್ಟು ನೆಲದಿಂದ ಸ್ವಲ್ಪ ಎತ್ತರಿಸುವುದು. ಹಲಗೆಯ ಅಡಿಗೆ, ಮಕ್ಕಳಿಗೆ ಕಾಣದ ಹಾಗೆ, ಏನಾದರೊಂದು ಅಂಟಿಸುವುದು. ಒಂದು ಗುಂಪಿನ ಹಲಗೆಯಡಿ ಮರದ ತ್ರಿಕೋನ, ಇನ್ನೊಂದರಡಿ ಸ್ಟೀಲ್ ಡಬ್ಬಿ. ಹಲಗೆಯ ಮೇಲೆ ಬಿಳಿ ಕಾಗದ. ಮಕ್ಕಳು ಒಂದು ಬದಿಯಿಂದ ಗೋಲಿ ಉರುಳಿಸಬೇಕು. ಅದು ಎಲ್ಲಿಂದ ಹೋಯಿತು, ಎಲ್ಲಿಂದ ಹೊರಬಂತು ಎಂದು ಕಾಗದದ ಮೇಲೆ ಗೆರೆ ಎಳೆಯಬೇಕು. ಬಗ್ಗಿ ನೋಡುವ ಹಾಗಿಲ್ಲ. ಅರ್ಧ ಗಂಟೆಯಲ್ಲಿ ಗೆರೆಗಳೇ ಆಕಾರ ಹೇಳಿಬಿಡುತ್ತವೆ. ತ್ರಿಕೋನದ ಓರೆ ಬದಿಗೆ ಬಡಿದ ಗೋಲಿಗಳೆಲ್ಲ ಒಂದೇ ಕಡೆಗೆ ತಿರುಗುತ್ತವೆ. ಡಬ್ಬಿಗೆ ಬಡಿದವು ಎಲ್ಲ ಕಡೆಗೂ ಚೆದುರುತ್ತವೆ.

ಮಜಾ ಇರುವುದು ಕೊನೆಯ ಗುಂಪಿನಲ್ಲಿ. ಅವರ ಹಲಗೆಯಡಿ ಒಂದೇ ಒಂದು ಸಣ್ಣ ಬೋಲ್ಟ್ ಇರುತ್ತದೆ. ಗೋಲಿ ಉರುಳಿಸಿದ್ದೇ ಉರುಳಿಸಿದ್ದು, ಎಲ್ಲ ನೆಟ್ಟಗೆ ಆ ಕಡೆ ಹೋಗುತ್ತವೆ. ‘ಮಿಸ್, ನಮಗೆ ಏನೂ ಇಟ್ಟಿಲ್ಲ, ಸುಮ್ನೆ ಆಟ ಆಡಿಸ್ತಿದ್ದೀರಿ’ ಎಂದು ಜಗಳಕ್ಕೇ ಬರುತ್ತಾರೆ. ಆಮೇಲೆ ಯಾವಾಗಲೋ ಒಂದು ಗೋಲಿ ಟಣ್ ಎಂದು ಬಡಿದು ಉರುಳಿಸಿದವನ ಕೈಗೇ ವಾಪಸ್ ಬರುತ್ತದೆ. ಇಡೀ ಗುಂಪು ಒಂದು ಕ್ಷಣ ಸುಮ್ಮನಾಗಿ, ಮರುಕ್ಷಣ ಗಲಾಟೆ. ಅಲ್ಲಿಂದ ಮುಂದೆ ನಾನು ಹೇಳಬೇಕಾದ್ದು ಬಹಳ ಕಡಿಮೆ. ಒಳಗಿರುವುದು ಚಿಕ್ಕದು, ಗಟ್ಟಿಯಾದದ್ದು, ಸುತ್ತ ಎಲ್ಲ ಖಾಲಿ ಎಂದು ಅವರೇ ಹೇಳುತ್ತಾರೆ.

ಪೀರಿಯಡ್ ಮುಗಿದ ಮೇಲೆ ‘ಹಲಗೆ ಎತ್ತಿ ತೋರಿಸಿ ಮಿಸ್’ ಎಂದು ದುಂಬಾಲು ಬೀಳುತ್ತಾರೆ. ನಾನು ಎತ್ತುವುದಿಲ್ಲ. ಹುಡುಗಿಯೊಬ್ಬಳು ಕೋಪ ಮಾಡಿಕೊಂಡು ವಾರವಿಡೀ ಮಾತು ಬಿಟ್ಟಿದ್ದಳು. ರುದರ್‌ಫೋರ್ಡ್‌ಗೆ ಹಲಗೆ ಎತ್ತಿ ತೋರಿಸುವವರು ಯಾರೂ ಇರಲಿಲ್ಲ ಅಲ್ವಾ? ಆ ಚಡಪಡಿಕೆಯೇ ಪಾಠ.

ಪಠ್ಯಪುಸ್ತಕ ಬರೆದವರಿಗೂ ಇದು ಗೊತ್ತಿತ್ತು. ಕಣ್ಣು ಮುಚ್ಚಿಕೊಂಡು ಗೋಡೆಗೆ ಕಲ್ಲು ಎಸೆದರೆ ಪ್ರತಿ ಕಲ್ಲಿಗೂ ಸದ್ದು ಕೇಳುತ್ತದೆ, ಮುಳ್ಳುತಂತಿ ಬೇಲಿಗೆ ಎಸೆದರೆ ಹೆಚ್ಚಿನವು ಸದ್ದಿಲ್ಲದೆ ದಾಟಿ ಹೋಗುತ್ತವೆ ಎಂದು ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಚೆನ್ನಾಗಿಯೇ ಬರೆದಿದ್ದಾರೆ. ನಮ್ಮ ತರಗತಿಗಳಲ್ಲಿ ಅದನ್ನು ಒಬ್ಬ ಹುಡುಗ ಎದ್ದು ನಿಂತು ಗಟ್ಟಿಯಾಗಿ ಓದುತ್ತಾನೆ. ಮುಂದಿನ ಪ್ಯಾರಾ ಇನ್ನೊಬ್ಬ ಓದುತ್ತಾನೆ. ಕಲ್ಲು ಎಸೆಯುವುದು ಮಾತ್ರ ಯಾರೂ ಮಾಡುವುದಿಲ್ಲ.

ಗೋಲಿಯ ಆಟ ಆದ ಮೇಲೆ ನಿಜವಾದ ಕಥೆ ಹೇಳಿದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. 1909. ಇಂಗ್ಲೆಂಡಿನ ಮ್ಯಾಂಚೆಸ್ಟರ್. ರುದರ್‌ಫೋರ್ಡ್‌ಗೆ ಆಗಲೇ ನೊಬೆಲ್ ಬಂದಿತ್ತು, 1908ರಲ್ಲಿ, ಅದೂ ರಸಾಯನವಿಜ್ಞಾನದಲ್ಲಿ. ಪರಮಾಣುವಿನ ನಡುವಿನ ಗಟ್ಟಿ ತಿರುಳು, ಅಂದರೆ ನ್ಯೂಕ್ಲಿಯಸ್ ಸಂಗತಿ ಇನ್ನೂ ಗೊತ್ತೇ ಇರಲಿಲ್ಲ. ಅಂದರೆ ಅವರ ಅತಿ ದೊಡ್ಡ ಕೆಲಸ ನೊಬೆಲ್ ಬಂದ ಮೇಲಿನದು. ಪ್ರಯೋಗ ಮಾಡಿದವರು ಅವರ ಸಹಾಯಕ ಗೈಗರ್ ಮತ್ತು ಮಾರ್ಸ್‌ಡೆನ್ ಎಂಬ ವಿದ್ಯಾರ್ಥಿ. ಮಾರ್ಸ್‌ಡೆನ್‌ಗೆ ಆಗ 20 ವರ್ಷ, ಇನ್ನೂ ಡಿಗ್ರಿ ಮುಗಿದಿರಲಿಲ್ಲ. ವಿಕಿರಣಶೀಲ ವಸ್ತುವಿನಿಂದ ಚಿಮ್ಮುವ ಆಲ್ಫಾ ಕಣಗಳನ್ನು ತೆಳ್ಳಗಿನ ಚಿನ್ನದ ಹಾಳೆಗೆ ಹೊಡೆಸಿ, ಅವು ಎತ್ತ ತಿರುಗುತ್ತವೆ ಎಂದು ನೋಡುವುದು ಅವರ ಕೆಲಸ. ಕತ್ತಲ ಕೋಣೆಯಲ್ಲಿ ಕೂತು, ಕಣ್ಣು ಕತ್ತಲಿಗೆ ಒಗ್ಗುವವರೆಗೆ ಕಾದು, ಸತುವಿನ ಸಲ್ಫೈಡ್ ಬಳಿದ ಪರದೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆಲ್ಫಾ ಕಣ ಬಂದು ಬಡಿದಾಗಲೆಲ್ಲ ಅಲ್ಲೊಂದು ಸಣ್ಣ ಮಿಂಚು. ಅದನ್ನು ಒಂದೊಂದಾಗಿ ಎಣಿಸಬೇಕು. ಸೂಕ್ಷ್ಮದರ್ಶಕ ಇತ್ತು, ಅದರಲ್ಲಿ ಕಂಡದ್ದು ಪರಮಾಣು ಅಲ್ಲ, ಈ ಮಿಂಚು. ಇದನ್ನು ಕೇಳಿದ ಮೇಲೆ ‘ಮೈಕ್ರೋಸ್ಕೋಪಲ್ಲಿ ನೋಡಿದ್ರು’ ಎಂದ ಹುಡುಗ ‘ನಾನು ಹೇಳಿದ್ದು ಅರ್ಧ ಸರಿ ಮಿಸ್’ ಎಂದು ವಾದಕ್ಕೆ ಬಂದ. ಒಪ್ಪಿಕೊಂಡೆ.

‘ಚಿನ್ನ ಯಾಕೆ ಮಿಸ್?’ ಎಂಬ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಬರದೇ ಇರುವುದಿಲ್ಲ. ಚಿನ್ನವನ್ನು ಬಡಿದರೆ ಬೇರೆ ಯಾವ ಲೋಹಕ್ಕಿಂತ ತೆಳ್ಳಗಾಗುತ್ತದೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಅಂಟಿಸುವ ಚಿನ್ನದ ರೇಕು ನೋಡಿದವರಿಗೆ ಇದು ಗೊತ್ತು. ಉಸಿರು ಬಿಟ್ಟರೆ ಹಾರಿಹೋಗುತ್ತದೆ.

ಇನ್ನು ಹಿಂದಕ್ಕೆ ಬಂದ ಕಣಗಳ ಸಂಖ್ಯೆಯ ಕಥೆ. 9ನೇ ತರಗತಿ ಪುಸ್ತಕದಲ್ಲಿ 12,000 ಆಲ್ಫಾ ಕಣಗಳಲ್ಲಿ ಒಂದು ಹಿಂದಕ್ಕೆ ಬಂತು ಎಂದಿದೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಬಿಟ್ಟ ಸ್ಥಳ ತುಂಬಿ ಎಂದು ಒಂದು ಅಂಕಕ್ಕೆ ಕೇಳಿದ್ದನ್ನೂ ನೋಡಿದ್ದೇನೆ. ಅದೇ ಮಗು ಪಿಯುಸಿಗೆ ಹೋದರೆ ಅಲ್ಲಿ 20,000ಕ್ಕೆ ಒಂದು ಎಂದು ಇರುತ್ತದೆ. ಗೈಗರ್ ಮತ್ತು ಮಾರ್ಸ್‌ಡೆನ್ 1909ರಲ್ಲಿ ಬರೆದ ಮೂಲ ಲೇಖನದಲ್ಲಿ ಇರುವುದು ಸುಮಾರು 8,000ಕ್ಕೆ ಒಂದು, ಅದು ಪ್ಲಾಟಿನಂ ತಗಡಿಗೆ. ಯಾವುದು ಸರಿ? ಲೋಹ ಯಾವುದು, ಎಷ್ಟು ದಪ್ಪ, ಎಷ್ಟು ಕೋನಕ್ಕೆ ತಿರುಗಿದ್ದನ್ನು ‘ಹಿಂದಕ್ಕೆ ಬಂತು’ ಎಂದು ಎಣಿಸುತ್ತೀರಿ ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಇದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಬೋಲ್ಟ್ ಇದ್ದ ಗುಂಪಿಗೆ ‘ಇನ್ನೂ ನಾಲ್ಕು ಬೋಲ್ಟ್ ಅಂಟಿಸಿದ್ದರೆ?’ ಎಂದು ಕೇಳಿದರೆ ಸಾಕು. ಸಂಖ್ಯೆ ನೆನಪಿರುವುದಕ್ಕೆ ಅಂಕ ಕೊಟ್ಟು, ಸಂಖ್ಯೆ ಯಾಕೆ ಬದಲಾಗುತ್ತದೆ ಎನ್ನುವುದನ್ನು ಬಿಟ್ಟರೆ ಹೇಗೆ?

ಚಿತ್ರಕ್ಕೆ ಬರುತ್ತೇನೆ. ಪುಸ್ತಕದ ಚಿತ್ರದಲ್ಲಿ ನ್ಯೂಕ್ಲಿಯಸ್ ಐದು ಪೈಸೆ ನಾಣ್ಯದಷ್ಟು, ಎಲೆಕ್ಟ್ರಾನುಗಳು ಸುತ್ತುವ ವೃತ್ತಗಳು, ಅಂದರೆ ಕವಚಗಳು, ಅದರ ಪಕ್ಕದಲ್ಲೇ. ಬೇರೆ ದಾರಿಯಿಲ್ಲ, ಪುಟ ಅಷ್ಟೇ ಇರುವುದು. ಆದರೆ ಅದು ಅಳತೆಗೆ ತಕ್ಕ ಚಿತ್ರವಲ್ಲ ಎಂದು ಹೇಳಬೇಕಲ್ಲ? ಪರಮಾಣು ನ್ಯೂಕ್ಲಿಯಸ್‌ಗಿಂತ ಸುಮಾರು ಒಂದು ಲಕ್ಷ ಪಟ್ಟು ದೊಡ್ಡದು. ನಾನು ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ನಡುವೆ ಒಂದು ರಾಗಿ ಕಾಳು ಇಡುತ್ತಿದ್ದೆ. ಅದು ನ್ಯೂಕ್ಲಿಯಸ್ ಆದರೆ ಪರಮಾಣುವಿನ ಅಂಚು ಎಲ್ಲಿ? ನಡೆಯುತ್ತಾ ಹೋಗಿ. ಕಾಂಪೌಂಡ್ ದಾಟಿ, ರಸ್ತೆ ದಾಟಿ, ಎಪ್ಪತ್ತೈದು ಮೀಟರ್ ಆಚೆ ಟೀ ಅಂಗಡಿ. ಅಲ್ಲಿವರೆಗೆ ಏನೂ ಇಲ್ಲ. ಇಡೀ ಪರಮಾಣುವಿನ ತೂಕ ಹೆಚ್ಚುಕಮ್ಮಿ ಪೂರ್ತಿ ಆ ರಾಗಿ ಕಾಳಿನಲ್ಲಿ. ‘ಹಂಗಾದ್ರೆ ಬೆಂಚು ಯಾಕೆ ಗಟ್ಟಿ ಮಿಸ್? ಖಾಲಿನೇ ಅಲ್ವಾ?’ ಎಂದು ಒಬ್ಬ ಕೇಳಿದ. ಬೆಂಚಿನ ಎಲೆಕ್ಟ್ರಾನುಗಳು ನಿನ್ನ ಎಲೆಕ್ಟ್ರಾನುಗಳನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ ಎಂದಷ್ಟೇ ಹೇಳಿ, ಉಳಿದದ್ದಕ್ಕೆ ನೀನು ಮುಂದೆ ಓದಬೇಕು ಎಂದೆ. ಇಂಥ ಪ್ರಶ್ನೆ ಕೇಳಿದ ಮಗುವಿಗೆ ಪೂರ್ತಿ ಉತ್ತರ ಕೊಡಲೇಬೇಕು ಎಂದೇನೂ ಇಲ್ಲ. ಪ್ರಶ್ನೆ ಒಳ್ಳೆಯದು ಎಂದು ಹೇಳಿದರೆ ಸಾಕು.

‘ಥಾಮ್ಸನ್ ತಪ್ಪು’ ಎಂದು ಬರೆಸುವುದು ನನಗೆ ಕೊಂಚವೂ ಸರಿಬರುವುದಿಲ್ಲ. 1897ರಲ್ಲಿ ಎಲೆಕ್ಟ್ರಾನ್ ತೋರಿಸಿಕೊಟ್ಟವರು ಅವರು. ರುದರ್‌ಫೋರ್ಡ್ ನ್ಯೂಜಿಲೆಂಡಿನಿಂದ ಬಂದು ಸೇರಿದ್ದು ಅವರ ಬಳಿಯೇ. ಬೋರ್ ಕೂಡ ಮೊದಲು ಬಂದದ್ದು ಥಾಮ್ಸನ್ ಬಳಿಗೆ, ಆಮೇಲೆ ರುದರ್‌ಫೋರ್ಡ್ ಬಳಿಗೆ. 1932ರಲ್ಲಿ ನ್ಯೂಟ್ರಾನ್ ಕಂಡುಹಿಡಿದ ಚಾಡ್ವಿಕ್ ರುದರ್‌ಫೋರ್ಡ್ ಶಿಷ್ಯ. ಮೊದಲನೇ ಮಹಾಯುದ್ಧದಲ್ಲಿ ಚಾಡ್ವಿಕ್ ಜರ್ಮನಿಯಲ್ಲಿ ಸೆರೆ ಸಿಕ್ಕಿ, ಆಗ ಅಲ್ಲಿ ಮಾರುತ್ತಿದ್ದ ವಿಕಿರಣಶೀಲ ಟೂತ್‌ಪೇಸ್ಟಿನಲ್ಲೇ ಶಿಬಿರದೊಳಗೆ ಪ್ರಯೋಗ ಮಾಡಿದವರು. ಹೀಗೆ ಪಾಠದ ಅರ್ಧಕ್ಕರ್ಧ ಜನ ಒಂದೇ ಗುರುಪರಂಪರೆಯವರು. ಗುರುವಿನ ಚಿತ್ರ ಶಿಷ್ಯನ ಪ್ರಯೋಗಕ್ಕೆ ಹೊಂದಲಿಲ್ಲ, ಶಿಷ್ಯ ಚಿತ್ರ ಬದಲಿಸಿದ. ಬೋರ್ ಚಿತ್ರವೂ ಕೊನೆಯದಲ್ಲ, ಪಿಯುಸಿಯಲ್ಲಿ ಅದೂ ಬದಲಾಗುತ್ತದೆ. ಇದನ್ನು ಒಂಬತ್ತರಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ಪಿಯುಸಿಗೆ ಹೋದ ಮಕ್ಕಳು ಬಂದು ‘ನೀವು ಕಲಿಸಿದ್ದೆಲ್ಲ ಸುಳ್ಳಂತೆ’ ಎನ್ನುತ್ತಾರೆ.

ಬೋರ್ ಪಾಠವನ್ನು ನಾನು ಬಿಸಿಯೂಟದ ಅಡುಗೆ ಮನೆಯಿಂದ ಶುರು ಮಾಡುತ್ತೇನೆ. ಸಾರು ಉಕ್ಕಿ ಒಲೆಗೆ ಚೆಲ್ಲಿದಾಗ ಗ್ಯಾಸಿನ ನೀಲಿ ಉರಿ ಹಳದಿಯಾಗುವುದನ್ನು ಅಡುಗೆಯಕ್ಕ ದಿನಾ ನೋಡಿರುತ್ತಾರೆ. ಉಪ್ಪಿನೊಳಗಿನ ಸೋಡಿಯಂ ಅದು. ದೀಪಾವಳಿಯ ಮತಾಪಿನಲ್ಲಿ ಕೆಂಪು ಸ್ಟ್ರಾಂಶಿಯಂನಿಂದ, ಹಸಿರು ಬೇರಿಯಂನಿಂದ. ಒಂದೊಂದು ಧಾತುವಿಗೂ ತನ್ನದೇ ಬಣ್ಣ ಯಾಕೆ? ಎಲೆಕ್ಟ್ರಾನ್ ಎಲ್ಲೆಂದರಲ್ಲಿ ಸುತ್ತುವ ಹಾಗಿದ್ದರೆ ಎಲ್ಲ ಬಣ್ಣವೂ ಕಲಸಿ ಬರಬೇಕಿತ್ತು. ಇಂತಿಂಥ ಮಟ್ಟದಲ್ಲೇ ಇರಬೇಕು, ಮೇಲಿನ ಮಟ್ಟದಿಂದ ಕೆಳಕ್ಕೆ ಬಿದ್ದಾಗ ಇಷ್ಟೇ ಶಕ್ತಿಯ ಬೆಳಕು ಬರಬೇಕು ಎಂದು 1913ರಲ್ಲಿ ಬೋರ್ ಹೇಳಿದ್ದು ಈ ಬಣ್ಣದ ಗೆರೆಗಳನ್ನು ನೋಡಿ. ಹಾಳಾದ ಒಂದು ಸಿಡಿಯನ್ನು ಓರೆಯಾಗಿ ಹಿಡಿದು ಹಳೆಯ ಸಿಎಫ್‌ಎಲ್ ಬಲ್ಬಿನ ಬೆಳಕು ನೋಡಿದರೆ ಬಿಡಿಬಿಡಿ ಬಣ್ಣದ ಪಟ್ಟೆಗಳು ಕಾಣುತ್ತವೆ. ಮನೆಯ ಹಳೇ ಟಂಗ್‌ಸ್ಟನ್ ಬಲ್ಬಿನದು ನೋಡಿದರೆ ಕಾಮನಬಿಲ್ಲು ಎಲ್ಲೂ ತುಂಡಾಗದೆ ಕಾಣುತ್ತದೆ. ಖರ್ಚು ಸೊನ್ನೆ. ಸೂರ್ಯನನ್ನು ಮಾತ್ರ ಹೀಗೆ ನೋಡಲು ಬಿಡಬೇಡಿ.

ಇಲ್ಲೊಂದು ನಮ್ಮ ರಾಜ್ಯದ ಕಥೆ ಇದೆ. ಯಾವ ಪಠ್ಯಪುಸ್ತಕದಲ್ಲೂ ನಾನು ನೋಡಿಲ್ಲ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ಅದರ ದಾರಿ ನಮ್ಮ ಬಿಜಾಪುರ ಸೀಮೆಯ ಮೇಲೆ ಹಾದು ಆಂಧ್ರದ ಗುಂಟೂರಿನ ಕಡೆಗೆ ಹೋಗಿತ್ತು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಹರ್ಷೆಲ್ ಎಂಬ ಸೇನಾಧಿಕಾರಿ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಹಿಡಿದು ಕೂತಿದ್ದರು. ಮೋಡದ ನಡುವೆ ಸಿಕ್ಕ ಅವಕಾಶದಲ್ಲಿ ಸೂರ್ಯನ ಅಂಚಿನ ಜ್ವಾಲೆಯಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡರು. ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ಕೂಡ ಅದೇ ಗ್ರಹಣದಲ್ಲಿ ಇಂಥ ಗೆರೆಗಳನ್ನು ನೋಡಿದರು. ಆ ನಡುವಿನ ಗೆರೆ ಸೋಡಿಯಂನದ್ದಲ್ಲ, ಭೂಮಿಯಲ್ಲಿ ಆಗ ಯಾರಿಗೂ ಗೊತ್ತಿಲ್ಲದ ಧಾತುವಿನದು ಎಂದು ಆಮೇಲೆ ತಿಳಿಯಿತು. ಅದೇ ಹೀಲಿಯಂ. ಭೂಮಿಯ ಮೇಲೆ ಅದು ರಸಾಯನವಿಜ್ಞಾನಿ ರ‍್ಯಾಮ್ಸೆಗೆ ಸಿಕ್ಕಿದ್ದು 1895ರಲ್ಲಿ, ಅದೂ ಯುರೇನಿಯಂ ಇರುವ ಒಂದು ಖನಿಜದಲ್ಲಿ. ಯುರೇನಿಯಂ ಜೊತೆಗೆ ಹೀಲಿಯಂ ಯಾಕೆ? ಯುರೇನಿಯಂ ಹೊರಗೆಸೆಯುವ ಆಲ್ಫಾ ಕಣವೇ ಹೀಲಿಯಂ ನ್ಯೂಕ್ಲಿಯಸ್ ಆದ್ದರಿಂದ. ರುದರ್‌ಫೋರ್ಡ್ ಚಿನ್ನದ ಹಾಳೆಗೆ ಹೊಡೆಸಿದ್ದೂ ಅದನ್ನೇ. ಜಮಖಂಡಿಯ ಆಕಾಶದಲ್ಲಿ ಕಂಡ ಗೆರೆಗೂ ಮ್ಯಾಂಚೆಸ್ಟರಿನ ಕತ್ತಲ ಕೋಣೆಯ ಮಿಂಚಿಗೂ ನಂಟು ಹೀಗೆ. ಬಾಗಲಕೋಟೆ ಜಿಲ್ಲೆಯ ಶಿಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನಿಮ್ಮ ಮಕ್ಕಳಿಗೆ ಹೇಳಿ.

ಕವಚಗಳ ಲೆಕ್ಕದಲ್ಲಿ ಒಂದು ತೊಡಕಿದೆ. ಜಾಣ ಮಕ್ಕಳು ಅದರಲ್ಲಿ ಎಡವುತ್ತಾರೆ, ಉಳಿದವರು ಬಾಯಿಪಾಠ ಮಾಡಿ ದಾಟಿಬಿಡುತ್ತಾರೆ. ಕೆ ಕವಚದಲ್ಲಿ 2, ಎಲ್‌ನಲ್ಲಿ 8, ಎಂನಲ್ಲಿ 18 ಹಿಡಿಯುತ್ತದೆ ಎಂದು ಬರೆಸುತ್ತೇವೆ. ಹಾಗಾದರೆ 19 ಎಲೆಕ್ಟ್ರಾನ್ ಇರುವ ಪೊಟ್ಯಾಸಿಯಂ 2, 8, 9 ಆಗಬೇಕು ತಾನೆ? 2, 8, 8, 1 ಯಾಕೆ? ‘ಹೊರಗಿನ ಕವಚದಲ್ಲಿ 8ಕ್ಕಿಂತ ಜಾಸ್ತಿ ಇರಬಾರದು, ಅದು ನಿಯಮ’ ಎಂದು ಬಾಯಿ ಮುಚ್ಚಿಸುವುದು ಸುಲಭ. ನಿಯಮ ಮಾಡಿದವರು ಯಾರು? 18 ಅನ್ನುವುದು ಎಷ್ಟು ಜಾಗ ಇದೆ ಎಂಬ ಲೆಕ್ಕ, ಯಾವ ಕ್ರಮದಲ್ಲಿ ತುಂಬುತ್ತದೆ ಎಂಬುದು ಬೇರೆ ಮಾತು. 20ನೆಯ ಕ್ಯಾಲ್ಸಿಯಂ ಆದ ಮೇಲೆ, 21ನೆಯ ಸ್ಕ್ಯಾಂಡಿಯಂನಲ್ಲಿ ಮತ್ತೆ ಒಳಗಿನ ಎಂ ಕವಚವೇ ತುಂಬತೊಡಗುತ್ತದೆ, 2, 8, 9, 2. ಪೊಟ್ಯಾಸಿಯಂನ ಹೊರಗೆ ಒಂಟಿ ಎಲೆಕ್ಟ್ರಾನ್ ಇದೆ ಎಂದು ನಂಬಲು ಒಂಬತ್ತನೇ ತರಗತಿಗೆ ಸಾಕಾಗುವ ಸಾಕ್ಷಿ ಅದರ ನಡತೆ. ಸೋಡಿಯಂ ಹಾಗೆಯೇ ಅದನ್ನೂ ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡಬೇಕು, ನೀರಿಗೆ ಬಿದ್ದರೆ ಸೋಡಿಯಂಗಿಂತ ಜೋರಾಗಿ ಉರಿಯುತ್ತದೆ.

ಅಂದರೆ ಈ 2, 8, 1ರ ಲೆಕ್ಕಕ್ಕೆ ಅರ್ಥ ಬರುವುದು ಆವರ್ತ ಕೋಷ್ಟಕದ ಪಕ್ಕದಲ್ಲಿಟ್ಟಾಗ. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಒಂದೇ ಕಂಬದಲ್ಲಿ ಯಾಕೆ ನಿಂತಿವೆ ಎಂದು ಗೊತ್ತಾದಾಗ ಮಕ್ಕಳು ‘ಓ’ ಎನ್ನುತ್ತಾರೆ. ಆ ‘ಓ’ಗಾಗಿಯೇ ಅಷ್ಟೆಲ್ಲ ವೃತ್ತ ಬರೆಸಿದ್ದು. ಆದರೆ 2023ರಲ್ಲಿ ಎನ್‌ಸಿಇಆರ್‌ಟಿಯವರು 10ನೇ ತರಗತಿ ಪುಸ್ತಕದಿಂದ ಧಾತುಗಳ ವರ್ಗೀಕರಣದ ಅಧ್ಯಾಯವನ್ನೇ ತೆಗೆದರು. 11ರಲ್ಲಿ ಇದೆಯಲ್ಲ ಎಂಬುದು ಸಮಾಧಾನ. ಹತ್ತಾದ ಮೇಲೆ ವಿಜ್ಞಾನ ತೆಗೆದುಕೊಳ್ಳದ ಮಕ್ಕಳಿಗೆ? ಅವರು ಲೆಕ್ಕ ಮಾತ್ರ ಕಲಿತು, ಲೆಕ್ಕದ ಫಲ ನೋಡದೆ ಹೋಗುತ್ತಾರೆ. ಪುಸ್ತಕದಲ್ಲಿ ಇರಲಿ ಬಿಡಲಿ, ನಾನಂತೂ ಮೊದಲ 20 ಧಾತುಗಳನ್ನು ರಟ್ಟಿನ ಚೀಟಿಗಳಲ್ಲಿ ಬರೆಸಿ ನೆಲದ ಮೇಲೆ ಜೋಡಿಸಲು ಹೇಳುತ್ತೇನೆ. ಪರಮಾಣು ಪಾಠದ ಕೊನೆಯ ಪೀರಿಯಡ್ ಅದಕ್ಕೇ ಮೀಸಲು.

ನ್ಯೂಕ್ಲಿಯಸ್ ಒಳಗಿನ ಧನ ಆವೇಶದ ಕಣ ಪ್ರೋಟಾನ್. ಅದರ ಬಗ್ಗೆ ನಮ್ಮ ಜಿಲ್ಲೆಯ ಮಕ್ಕಳಿಗೆ ಹೇಳಲೇಬೇಕಾದ ಮಾತೊಂದಿದೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು, ಅಂದರೆ ಚಿನ್ನದ ಗಣಿಯ ತ್ಯಾಜ್ಯದ ಗುಡ್ಡೆಗಳನ್ನು, ದಿನಾ ನೋಡುವ ಮಕ್ಕಳಿವರು. ಗಣಿ 2001ರಲ್ಲಿ ಮುಚ್ಚಿತು, ತಾತ ಅಲ್ಲಿ ಕೆಲಸ ಮಾಡಿದ್ದರು ಎನ್ನುವುದಷ್ಟೇ ಅವರಿಗೆ ಗೊತ್ತು. ಅದೇ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳದಲ್ಲಿ, ಮುಂಬೈನ ಟಾಟಾ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ, ಏನಕ್ಕೂ ಸುಲಭವಾಗಿ ತಡೆಯದೆ ಹಾದುಹೋಗುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳನ್ನು ಪತ್ತೆ ಮಾಡಿದರು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಅವು ಸಿಕ್ಕವು. 1980ರ ದಶಕದಲ್ಲಿ ಪ್ರೋಟಾನ್ ಯಾವತ್ತಾದರೂ ತಾನಾಗಿ ಒಡೆಯುತ್ತದೆಯೇ ಎಂದು ನೋಡಲು ಕಬ್ಬಿಣದ ದೊಡ್ಡ ಉಪಕರಣವನ್ನು ಕೆಜಿಎಫ್ ಗಣಿಯೊಳಗೆ ಇಳಿಸಿದ್ದರು. ಒಡೆದಿರಬಹುದು ಎಂದು ಒಂದಿಷ್ಟು ಗುರುತು ಕಂಡವು, ಬೇರೆ ದೇಶಗಳ ಇನ್ನೂ ದೊಡ್ಡ ಪ್ರಯೋಗಗಳಲ್ಲಿ ಅದು ಗಟ್ಟಿಯಾಗಲಿಲ್ಲ. ಇವತ್ತಿಗೂ ಪ್ರೋಟಾನ್ ಒಡೆದದ್ದನ್ನು ಖಚಿತವಾಗಿ ಕಂಡವರಿಲ್ಲ. ‘ಪ್ರೋಟಾನಿನ ಆವೇಶ ಯಾವುದು?’ ಎಂಬ ಒಂದು ಅಂಕದ ಪ್ರಶ್ನೆಯ ಹಿಂದೆ ಇಷ್ಟಿದೆ, ಅದೂ ಮನೆ ಹಿತ್ತಲಲ್ಲಿ. ರಾಜ್ಯದ ಪುಸ್ತಕದಲ್ಲಿ ಇದಕ್ಕೊಂದು ಚೌಕಟ್ಟಿನ ಜಾಗ ಸಿಗಬಾರದೇ?

ಕೊನೆಯದಾಗಿ ಪ್ರಶ್ನೆಪತ್ರಿಕೆ. ಪರೀಕ್ಷೆಯಲ್ಲಿ ಬರದಿದ್ದರೆ ಗೋಲಿ, ಸಿಡಿ, ರಾಗಿ ಕಾಳು ಯಾವುದೂ ತರಗತಿಗೆ ಬರುವುದಿಲ್ಲ. ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ, ಅವರಿಗೂ ಸಿಲಬಸ್ ಮುಗಿಸುವ ಒತ್ತಡ ಇದೆ. ಪುಸ್ತಕದ ಅಭ್ಯಾಸದಲ್ಲೇ ಒಂದು ಒಳ್ಳೆಯ ಪ್ರಶ್ನೆ ಇದೆ. ಚಿನ್ನದ ಬದಲು ಬೇರೆ ಲೋಹದ ಹಾಳೆ ಬಳಸಿದ್ದರೆ ಏನಾಗುತ್ತಿತ್ತು? ನಾನು ನೋಡಿದ ಗೈಡಿನಲ್ಲಿ ಅದಕ್ಕೆ ‘ಅದೇ ಫಲಿತಾಂಶ ಬರುತ್ತದೆ’ ಎಂದು ಒಂದೇ ಸಾಲು. ಗೈಗರ್ ಮತ್ತು ಮಾರ್ಸ್‌ಡೆನ್ ನಿಜಕ್ಕೂ ಬೇರೆ ಲೋಹಗಳನ್ನು ಇಟ್ಟು ನೋಡಿದ್ದರು, ಅದೇ 1909ರಲ್ಲಿ. ಪರದೆಯ ಮೇಲೆ ನಿಮಿಷಕ್ಕೆ ಎಷ್ಟು ಮಿಂಚು ಎಂದು ಎಣಿಸಿದ್ದರು. ಚಿನ್ನಕ್ಕೆ 67, ಬೆಳ್ಳಿಗೆ 27, ತಾಮ್ರಕ್ಕೆ 14.5, ಕಬ್ಬಿಣಕ್ಕೆ 10.2, ಅಲ್ಯೂಮಿನಿಯಂಗೆ 3.4.

ಈ ಐದು ಸಂಖ್ಯೆಗಳನ್ನು ಪ್ರಶ್ನೆಪತ್ರಿಕೆಯಲ್ಲಿ ಹಾಗೇ ಕೊಡಿ. ಪಕ್ಕದಲ್ಲಿ ಪ್ರೋಟಾನ್ ಸಂಖ್ಯೆ ಕೊಡಿ. ಚಿನ್ನ 79, ಬೆಳ್ಳಿ 47, ತಾಮ್ರ 29, ಕಬ್ಬಿಣ 26, ಅಲ್ಯೂಮಿನಿಯಂ 13. ಆಮೇಲೆ ‘ಇದರಿಂದ ನಿನಗೆ ಏನು ಅನ್ನಿಸುತ್ತದೆ, ಯಾಕೆ?’ ಎಂದು ನಾಲ್ಕು ಅಂಕಕ್ಕೆ ಕೇಳಿ. ಮೌಲ್ಯಮಾಪನ ಕಷ್ಟ ಎಂಬ ತಕರಾರು ಬರುತ್ತದೆ, ನನಗೆ ಗೊತ್ತು. ನ್ಯೂಕ್ಲಿಯಸ್ ಆವೇಶ ಜಾಸ್ತಿಯಾದಂತೆ ಹಿಂದಕ್ಕೆ ಬರುವ ಕಣಗಳೂ ಜಾಸ್ತಿ ಎಂದು ಬರೆದವರಿಗೆ ಎರಡು ಅಂಕ, ಧನ ಆವೇಶ ಧನ ಆವೇಶವನ್ನು ತಳ್ಳುವುದರಿಂದ ಎಂದು ಕಾರಣ ಕೊಟ್ಟವರಿಗೆ ಇನ್ನೆರಡು. ಉತ್ತರಪತ್ರಿಕೆ ತಿದ್ದುವವರಿಗೆ ಇದಕ್ಕಿಂತ ಸುಲಭದ ಕೀ ಉತ್ತರ ಬೇಕೇ? ವೃತ್ತ ದುಂಡಗಿದೆಯೋ ಇಲ್ಲವೋ ಎಂದು ನೋಡುವ ಕೆಲಸವೂ ತಪ್ಪುತ್ತದೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಬಂಗಾರಪೇಟೆ ತಾಲ್ಲೂಕು, ಕೋಲಾರ ಜಿಲ್ಲೆ